ನೂರು ಬಂದದ್ದು ಎಲ್ಲಿಂದ?

ಮೊಸರು ಹೆಪ್ಪಾಗಿದೆಯೋ ಇಲ್ಲವೋ ಎಂದು ನೀವು ಹೇಗೆ ನೋಡುತ್ತೀರಿ? ಬೆರಳು ಅದ್ದಿದರೆ ಖಂಡಿತ ಗೊತ್ತಾಗುತ್ತದೆ. ಆದರೆ ಬೆರಳಿಟ್ಟ ಕಡೆ ಮೊಸರು ಒಡೆದು ನೀರು ಬಿಟ್ಟುಕೊಳ್ಳುತ್ತದೆ. ಆಮೇಲೆ ಅದು ಮೊದಲಿನ ಮೊಸರಲ್ಲ. ನನ್ನ ಅಮ್ಮ ಪಾತ್ರೆಯನ್ನು ಒಂದಿಷ್ಟೇ ವಾಲಿಸಿ, ಮೇಲ್ಮೈ ಹೇಗೆ ನಡುಗುತ್ತದೆ ಎಂದು ನೋಡಿ ಹಾಗೇ ಇಟ್ಟುಬಿಡುತ್ತಿದ್ದರು. ಇದರಿಂದ ತಿಳಿಯುವುದು ಕಡಿಮೆ, ಆದರೆ ಕೆಡುವುದೂ ಕಡಿಮೆ. ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ನಾನೂ ಹಾಗೇ ಮಾಡುತ್ತೇನೆ.

ಕಳೆದ ದೀಪಾವಳಿಗೆ ನಮ್ಮ ಪುಟ್ಟಿ ಪುಣೆಯಿಂದ ಬಂದಿದ್ದಳು. ಎಂ.ಎಸ್ಸಿ. ಫಿಸಿಕ್ಸ್, ಕೊನೆಯ ವರ್ಷ. ಪ್ರಾಜೆಕ್ಟ್ ಯಾವುದರ ಮೇಲೆ ಎಂದು ಕೇಳಿದೆ. "ವೀಕ್ ವ್ಯಾಲ್ಯೂ ಅಂತ ಅಮ್ಮ. ಕ್ವಾಂಟಂ ಮೆಕ್ಯಾನಿಕ್ಸ್. ಬಿಡು, ನಿನಗೆ ಅರ್ಥ ಆಗಲ್ಲ" ಎಂದಳು. ನನ್ನದು ಇಂಗ್ಲಿಷ್ ಸಾಹಿತ್ಯದ ಬಿ.ಎ. ನಿಜ, ವಿಜ್ಞಾನದ ಪುಸ್ತಕ ಮುಚ್ಚಿಟ್ಟದ್ದು ಎಸ್ಸೆಸ್ಸೆಲ್ಸಿಯಲ್ಲಿ. ಆದರೂ ಆ ಮಾತು ಚುಚ್ಚಿತು. (ನಿಮ್ಮ ಮನೆಯಲ್ಲೂ ನೀವು ಅಮ್ಮನಿಗೆ ಹೀಗೆ ಅಂದಿರುತ್ತೀರಿ. ಇಲ್ಲ ಅನ್ನಬೇಡಿ!) ಚಕ್ಕುಲಿ ಒತ್ತುವ ನೆಪದಲ್ಲಿ ಅವಳನ್ನು ನಾಲ್ಕು ದಿನ ಹಿಡಿದು ಕೂರಿಸಿಕೊಂಡೆ. ನನಗೆ ಅರ್ಥವಾದಷ್ಟನ್ನು ನಿಮಗೆ ಹೇಳುತ್ತೇನೆ. ನಿಮ್ಮಲ್ಲಿ ಸೈನ್ಸ್ ಓದುವವರು ಎಷ್ಟೋ ಜನರಿದ್ದೀರಿ. ಇದನ್ನು ಕನ್ನಡದಲ್ಲಿ ಒಮ್ಮೆ ಕೇಳಿ ನೋಡಿ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. 'ದುರ್ಬಲ ಮೌಲ್ಯ' ಎಂದು ಅನುವಾದ ಮಾಡಿದರೆ ಯಾರದೋ ನಡತೆಯ ವಿಷಯ ಅನ್ನಿಸುತ್ತದೆ. ನಾವು ಕನ್ನಡ ಶಾಲೆಯಲ್ಲಿ 'ಎಕ್ಸ್‌ನ ಬೆಲೆ ಕಂಡುಹಿಡಿಯಿರಿ' ಎಂದು ಓದಿದ್ದೆವಲ್ಲ, ಆ ಬೆಲೆಯೇ ಈ ವ್ಯಾಲ್ಯೂ. ಇಲ್ಲಿ ವೀಕ್ ಆಗಿರುವುದು ಬೆಲೆಯಲ್ಲ, ಅಳತೆ. ಮೊಸರಿನ ಪಾತ್ರೆಯನ್ನು ವಾಲಿಸಿದಂತೆ ವಸ್ತುವನ್ನು ಮುಟ್ಟಿಯೂ ಮುಟ್ಟದಂತೆ ಅಳೆಯುವುದು. ನಾನು ಅದನ್ನು ಹಗುರ ಅಳತೆ ಎಂದು ಕರೆದುಕೊಂಡೆ.

ಈಗ ಬೆಳಕಿಗೆ ಬರೋಣ. ಬೆಳಕಿನ ಅಲೆ ಅಡ್ಡಡ್ಡ ಕಂಪಿಸಬಹುದು, ಉದ್ದುದ್ದ ಕಂಪಿಸಬಹುದು, ಓರೆಯಾಗಿಯೂ ಕಂಪಿಸಬಹುದು. ಅಡ್ಡಕ್ಕೆ +1 ಎಂದೂ ಉದ್ದಕ್ಕೆ -1 ಎಂದೂ ಗುರುತಿಟ್ಟುಕೊಳ್ಳಿ. ಕ್ಯಾಲ್ಸೈಟ್ ಎಂಬ ಹರಳಿದೆ. ಅದನ್ನು ಅಕ್ಷರದ ಮೇಲಿಟ್ಟರೆ ಅಕ್ಷರ ಎರಡೆರಡಾಗಿ ಕಾಣುತ್ತದೆ. ಅಡ್ಡ ಕಂಪನದ ಬೆಳಕನ್ನು ಒಂದು ಕಡೆಗೂ ಉದ್ದ ಕಂಪನದ ಬೆಳಕನ್ನು ಇನ್ನೊಂದು ಕಡೆಗೂ ಸರಿಸುವುದು ಅದರ ಗುಣ. ಓರೆಯಾಗಿ, ಅಂದರೆ 45 ಡಿಗ್ರಿಯಲ್ಲಿ ಕಂಪಿಸುವ ಬೆಳಕನ್ನು ಇದರೊಳಗೆ ಬಿಟ್ಟರೆ ಎರಡು ಚುಕ್ಕೆ ಬೀಳುತ್ತವೆ. ಬೆಳಕಿನ ಒಂದೊಂದೇ ಕಣವನ್ನು, ಅಂದರೆ ಫೋಟಾನನ್ನು, ಕಳಿಸಿದರೂ ಅದು ಆ ಚುಕ್ಕೆಯಲ್ಲಿ ಬೀಳುತ್ತದೆ ಇಲ್ಲವೇ ಈ ಚುಕ್ಕೆಯಲ್ಲಿ. ನಡುವೆ ಎಂದೂ ಇಲ್ಲ. ಉತ್ತರ +1 ಅಥವಾ -1. ಆದರೆ ಉತ್ತರ ಸಿಕ್ಕ ಮೇಲೆ ಆ ಫೋಟಾನು ಓರೆಯಾಗಿ ಉಳಿದಿರುವುದಿಲ್ಲ. ಬೆರಳು ಅದ್ದಿ ನೋಡಿದಂತಾಯಿತು. ಮೊಸರಿನ ಹೋಲಿಕೆ ಇಲ್ಲಿ ಕೊಂಚ ಕುಂಟುತ್ತದೆ. ಮೊಸರು ನಾವು ನೋಡುವ ಮೊದಲೇ ಹೆಪ್ಪಾಗಿಯೋ ಆಗದೆಯೋ ಇರುತ್ತದೆ. ಫೋಟಾನು ಅಳೆಯುವ ಮೊದಲೇ ಅಡ್ಡವೋ ಉದ್ದವೋ ಆಗಿತ್ತು ಎಂದು ಹೇಳುವ ಹಾಗಿಲ್ಲ.

ಹರಳನ್ನು ತೀರಾ ತೆಳ್ಳಗೆ ಮಾಡಿದರೆ? ಎರಡು ಚುಕ್ಕೆಗಳು ಬೇರೆಯಾಗುವಷ್ಟು ಸರಿಯುವುದೇ ಇಲ್ಲ. ಒಂದರ ಮೇಲೊಂದು ಇಟ್ಟ ಎರಡು ಕುಂಕುಮದ ಬೊಟ್ಟುಗಳ ಹಾಗೆ ಕೂದಲೆಳೆಯಷ್ಟು ಆಚೀಚೆ. ಆಗ ಒಂದು ಫೋಟಾನು ಬಿದ್ದ ಜಾಗ ನೋಡಿ ಏನೂ ಹೇಳಲಾಗದು. ಅದರ ಓರೆಯೂ ಬಹುಮಟ್ಟಿಗೆ ಕೆಡುವುದಿಲ್ಲ. ಲಕ್ಷಗಟ್ಟಲೆ ಫೋಟಾನುಗಳನ್ನು ಕಳಿಸಿ, ಅವು ಬಿದ್ದ ಜಾಗಗಳ ಸರಾಸರಿ ತೆಗೆದರೆ ಮಾತ್ರ ಚುಕ್ಕೆಯ ನಡುಬಿಂದು ಎಷ್ಟು ಸರಿದಿದೆ ಎಂದು ತಿಳಿಯುತ್ತದೆ. ಇದು ಹಗುರ ಅಳತೆ. ಇಲ್ಲಿಯವರೆಗೆ ವಿಚಿತ್ರವೇನೂ ಇಲ್ಲ. ಸರಾಸರಿ ಯಾವಾಗಲೂ +1 ಮತ್ತು -1ರ ನಡುವೆಯೇ ಇರುತ್ತದೆ.

ವಿಚಿತ್ರ ಶುರುವಾಗುವುದು ಕೊನೆಯಲ್ಲಿ ಆರಿಸುವುದರಿಂದ.

ಇದಕ್ಕೆ ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಪೋಲರಾಯ್ಡ್ ತಂಪು ಕನ್ನಡಕ ಇದ್ದರೆ ಅದನ್ನು ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಪರದೆಯಿಂದ ಹೊರಡುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಕನ್ನಡಕ ಅದಕ್ಕೆ ನೇರ ಅಡ್ಡವಾಗಿ ನಿಂತಾಗ ಬೆಳಕು ದಾಟಲಾರದು. (ನಮ್ಮ ಯಜಮಾನರ ಕನ್ನಡಕದಲ್ಲಿ ಏನೂ ಆಗಲಿಲ್ಲ. ಪೋಲರಾಯ್ಡ್ ಎಂದು ಹೇಳಿ ಫುಟ್‌ಪಾತಿನವನು ಟೋಪಿ ಹಾಕಿದ್ದ ಎಂದು ಆ ದಿನ ಗೊತ್ತಾಯಿತು.) ಪೂರ್ತಿ ಕಪ್ಪಾಗುವ ತುಸು ಮುಂಚೆ ನಿಲ್ಲಿಸಿದರೆ ಚೂರೇ ಚೂರು ಬೆಳಕು ನುಸುಳುತ್ತದೆ. ನಮ್ಮ ಕಥೆಯೆಲ್ಲ ಆ ಚೂರು ಬೆಳಕಿನದು.

ಪ್ರಯೋಗಶಾಲೆಯಲ್ಲಿ ಮಾಡುವುದು ಹೀಗೆ. ಮೊದಲ ಪೋಲರಾಯ್ಡ್ ಬೆಳಕನ್ನು 45 ಡಿಗ್ರಿಗೆ ಓರೆ ಮಾಡುತ್ತದೆ. ನಡುವೆ ಆ ತೆಳು ಹರಳು. ಕೊನೆಗೆ ಎರಡನೆಯ ಪೋಲರಾಯ್ಡ್, ಮೊದಲನೆಯದಕ್ಕೆ ಹೆಚ್ಚೂ ಕಡಿಮೆ ಅಡ್ಡವಾಗಿ. ಪೂರ್ತಿ ಅಡ್ಡಕ್ಕೆ 0.57 ಡಿಗ್ರಿ ಮಾತ್ರ ಕಡಿಮೆ. ಗೋಡೆ ಗಡಿಯಾರದ ಗಂಟೆಯ ಮುಳ್ಳು ಒಂದು ನಿಮಿಷದಲ್ಲಿ ಅರ್ಧ ಡಿಗ್ರಿ ಸರಿಯುತ್ತದೆ. ಅದಕ್ಕಿಂತ ತುಸು ಹೆಚ್ಚು, ಅಷ್ಟೇ. ಹತ್ತು ಸಾವಿರ ಫೋಟಾನು ಬಂದರೆ ಸುಮಾರು ಒಂದು ದಾಟುತ್ತದೆ. ದಾಟಿದವುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಅವುಗಳ ಚುಕ್ಕೆ ಎಷ್ಟು ಸರಿದಿದೆ ಎಂದು ನೋಡಿದರೆ ಉತ್ತರ +1 ಅಲ್ಲ, -1 ಅಲ್ಲ, ನಡುವಿನದೂ ಅಲ್ಲ. 100! ಹರಳು ಅಡ್ಡ ಬೆಳಕನ್ನು ಸರಿಸುವುದಕ್ಕಿಂತ ನೂರು ಪಟ್ಟು ದೂರ. ಇದೇ ವೀಕ್ ವ್ಯಾಲ್ಯೂ. ಒಂದು ಷರತ್ತಿದೆ: ನೂರು ಪಟ್ಟು ಸರಿದ ಮೇಲೂ ಆ ಸರಿತ ಚುಕ್ಕೆಯ ಅಗಲಕ್ಕಿಂತ ಬಹಳ ಕಡಿಮೆ ಇರಬೇಕು. ಹರಳು ಅಷ್ಟು ತೆಳ್ಳಗಿರಬೇಕು. ಇಲ್ಲವಾದರೆ ಅಳತೆ ಹಗುರವಾಗಿ ಉಳಿಯುವುದಿಲ್ಲ, ನೂರೂ ಬರುವುದಿಲ್ಲ.

ಇಲ್ಲಿ ನಾನು ಚಕ್ಕುಲಿ ಒರಳು ಕೆಳಗಿಟ್ಟೆ. "ಹತ್ತು ಸಾವಿರದಲ್ಲಿ ಒಂದನ್ನು ಇಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಎಸೆದು, ಆಮೇಲೆ ನೂರು ಬಂತು ಅನ್ನುವುದು ಮೋಸವಲ್ಲವೇನೇ?" ಎಂದು ಕೇಳಿದೆ. ನಮ್ಮ ಸಂಘದ ಪ್ರತಿಭಾ ಪುರಸ್ಕಾರದ ದಿನ ವೇದಿಕೆ ಹತ್ತಿದ ಮಕ್ಕಳ ಸರಾಸರಿ ಅಂಕ ತೆಗೆದು, 'ಮುಂಬಯಿ ಕನ್ನಡಿಗರ ಮಕ್ಕಳು ಇಷ್ಟು ಬುದ್ಧಿವಂತರು' ಎಂದು ಹೇಳಿದ ಹಾಗಾಯಿತಲ್ಲ! ವೇದಿಕೆ ಹತ್ತದವರ ಲೆಕ್ಕ ಎಲ್ಲಿ?

ಪುಟ್ಟಿ ನನ್ನ ಮುಖ ನೋಡಿದಳು. "ಅಮ್ಮ, 1988ರಿಂದ ಎಲ್ಲರೂ ಜಗಳವಾಡುತ್ತಿರುವುದು ಇದಕ್ಕೇ" ಎಂದಳು. ಬಿಡು ಎಂಬ ಮಾತು ಆಮೇಲೆ ಬರಲಿಲ್ಲ.

ಅವಳ ಉತ್ತರ ಹೀಗಿತ್ತು. ವೇದಿಕೆ ಹತ್ತಿದವರನ್ನು ಎಷ್ಟು ಸೋಸಿ ಆರಿಸಿದರೂ ನೂರಕ್ಕೆ ನೂರು ಅಂಕ ದಾಟಿದ ಸರಾಸರಿ ಬರಲಾರದು. ಇರುವುದರಲ್ಲಿ ಆರಿಸಿದರೆ ಇರುವುದರ ಆಚೆಗೆ ಹೋಗಲಾಗದು. ಇಲ್ಲಿ ಇರುವುದು +1 ಮತ್ತು -1 ಮಾತ್ರ. ಆದರೂ 100 ಬಂತು. ಹಾಗಾದರೆ ಇದು ಬರೀ ಆಯ್ಕೆಯ ಚಮತ್ಕಾರವಲ್ಲ, ಇನ್ನೇನೋ ಸೇರಿದೆ. ಆ ಇನ್ನೇನೋ ಅಂದರೆ ಅಲೆ. ನಾವು ಸರಾಸರಿ ತೆಗೆಯುವಾಗ ಒಂದೊಂದಕ್ಕೆ ಒಂದು ತೂಕ ಕೊಡುತ್ತೇವೆ. ತೂಕಗಳ ಮೊತ್ತ 1 ಆಗಬೇಕು. ಅರ್ಧ, ಅರ್ಧ ಕೊಟ್ಟರೆ ಸರಾಸರಿ ಸೊನ್ನೆ. ಮಕ್ಕಳ ಅಂಕಕ್ಕೆ ಮೈನಸ್ ತೂಕ ಕೊಡಲಾಗದು. ಅಲೆಗೆ ಕೊಡಬಹುದು, ಏಕೆಂದರೆ ಒಂದು ಅಲೆ ಇನ್ನೊಂದನ್ನು ಅಳಿಸುತ್ತದೆ. ನಮ್ಮ 0.57 ಡಿಗ್ರಿಯಲ್ಲಿ ಅಡ್ಡ ಅಲೆಯ ತೂಕ 50.5, ಉದ್ದ ಅಲೆಯ ತೂಕ -49.5. ಎರಡನ್ನು ಕೂಡಿಸಿ ನೋಡಿ, ಮೊತ್ತ 1. ಈಗ ಸರಾಸರಿ: 50.5ನ್ನು +1ರಿಂದ, -49.5ನ್ನು -1ರಿಂದ ಗುಣಿಸಿ ಕೂಡಿಸಿದರೆ 50.5 ಮತ್ತು 49.5, ಒಟ್ಟು 100.

ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದು ಎರಡು ಸಲ ಕೂಡಿಸಿದೆ. ಸರಿಯಾಗೇ ಇತ್ತು. ಹೆಚ್ಚೂ ಕಡಿಮೆ ಒಂದೇ ಆಕಾರದ ಎರಡು ದಿಬ್ಬ, ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಸರಿದಿದೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವ ಪುಟ್ಟ ದಿಬ್ಬದ ನಡುಬಿಂದು ಎರಡೂ ಮೂಲ ದಿಬ್ಬಗಳ ನಡುಬಿಂದುಗಳಿಂದ ದೂರದಲ್ಲಿ ಇರಬಹುದು. ಇಷ್ಟೇ ಗುಟ್ಟು. (ನಿಜವಾಗಿ ಈ ಬೆಲೆ ಕಾಂಪ್ಲೆಕ್ಸ್ ಸಂಖ್ಯೆಯೂ ಆಗಬಹುದಂತೆ. ಅದರ ಒಂದು ಭಾಗ ಚುಕ್ಕೆ ಸರಿದ ಜಾಗದಲ್ಲಿಯೂ ಇನ್ನೊಂದು ಭಾಗ ಕಿರಣ ಹೋಗುವ ದಿಕ್ಕು ಬದಲಾದುದರಲ್ಲಿಯೂ ಕಾಣುತ್ತದೆ. ಅದನ್ನು ನಿಮ್ಮ ಪ್ರೊಫೆಸರರನ್ನೇ ಕೇಳಿ, ನನ್ನನ್ನಲ್ಲ.)

ಇನ್ನು ಜಗಳದ ವಿಷಯ. 1988ರಲ್ಲಿ ಯಾಕಿರ್ ಅಹರೋನೋವ್, ಡೇವಿಡ್ ಆಲ್ಬರ್ಟ್ ಮತ್ತು ಲೆವ್ ವೈಡ್‌ಮನ್ ಎಂಬ ಮೂವರು ಫಿಸಿಕಲ್ ರಿವ್ಯೂ ಲೆಟರ್ಸ್ ಎಂಬ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು. ಅವರು ತೆಗೆದುಕೊಂಡದ್ದು ಬೆಳಕಲ್ಲ, ಕಣದ ಸ್ಪಿನ್. ಅರ್ಧ ಸ್ಪಿನ್ನಿನ ಕಣವನ್ನು ಅಳೆದಾಗ ಉತ್ತರ 100 ಬರುವುದು ಹೇಗೆ ಎಂಬ ಅರ್ಥ ಬರುವಂತೆ ತಲೆಬರಹವನ್ನೇ ಇಟ್ಟಿದ್ದರು. ಓದಿದವರು ಸಿಟ್ಟಾಗದೆ ಇರುತ್ತಾರೆಯೇ? ಮರುವರ್ಷ ಅದೇ ಪತ್ರಿಕೆಯಲ್ಲಿ ಆಷರ್ ಪೆರೆಸ್ ಮತ್ತು ಆಂಟನಿ ಲೆಗೆಟ್ ಆಕ್ಷೇಪಣೆ ಬರೆದರು. ಈ ಲೆಗೆಟ್ ಸಾಮಾನ್ಯರಲ್ಲ, 2003ರಲ್ಲಿ ನೊಬೆಲ್ ಪಡೆದವರು. ಇದನ್ನು ಅಳತೆ ಎಂದು ಕರೆಯುವುದೇ ಸರಿಯೇ ಎಂಬುದು ವಾದದ ಮುಖ್ಯ ಅಂಶ.

ಅದೇ 1989ರಲ್ಲಿ ಇಯಾನ್ ಡಕ್, ಪಿ. ಎಂ. ಸ್ಟೀವನ್‌ಸನ್ ಮತ್ತು ನಮ್ಮ ಇ. ಸಿ. ಜಿ. ಸುದರ್ಶನ್ ಸೇರಿ ಇನ್ನೊಂದು ಪ್ರಬಂಧ ಬರೆದರು. ಸುದರ್ಶನ್ ಹುಟ್ಟಿದ್ದು 1931ರಲ್ಲಿ, ಕೇರಳದ ಕೊಟ್ಟಾಯಂ ಕಡೆಯ ಪಳ್ಳಂನಲ್ಲಿ. ಎಳೆಯ ವಯಸ್ಸಿನಲ್ಲಿ ಇಲ್ಲೇ ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಮುಂದೆ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದುಕೊಂಡೇ 1980ರ ದಶಕದಲ್ಲಿ ಮದ್ರಾಸಿನ ಗಣಿತ ವಿಜ್ಞಾನಗಳ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. 2018ರಲ್ಲಿ ತೀರಿಕೊಂಡರು. ಈ ಮೂವರು ಮಾಡಿದ್ದು ನನಗೆ ಬಹಳ ಹಿಡಿಸಿತು. ಮೂಲ ಪ್ರಬಂಧದಲ್ಲಿ ತಪ್ಪುಗಳಿವೆ ಎಂದು ಒಂದೊಂದಾಗಿ ತೋರಿಸಿದರು. ಆದರೂ ಮುಖ್ಯ ಮಾತು ಸರಿ ಎಂದು ಒಪ್ಪಿಕೊಂಡರು. ಯಾವ ಅರ್ಥದಲ್ಲಿ ನೂರು ಸರಿ, ಅದಕ್ಕೆ ಷರತ್ತುಗಳೇನು ಎಂಬುದನ್ನು ಅಂದಾಜಿಲ್ಲದೆ ಪೂರ್ತಿ ಲೆಕ್ಕ ಮಾಡಿ ತೋರಿಸಿ, ಬೆಳಕಿನಲ್ಲಿ ಇದೇ ಪ್ರಯೋಗವನ್ನು ಹೇಗೆ ಮಾಡಬಹುದು ಎಂದೂ ಬರೆದರು. ಮನೆಯಲ್ಲಿ ಇಬ್ಬರು ಜಗಳವಾಡುವಾಗ ಹೀಗೆ ಮಾತಾಡುವ ಒಬ್ಬ ಮಾವನಿದ್ದರೆ ಎಷ್ಟು ಚೆನ್ನ!

ಎರಡೇ ವರ್ಷಕ್ಕೆ, 1991ರಲ್ಲಿ, ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ರಿಚಿ, ಸ್ಟೋರಿ, ಹ್ಯೂಲೆಟ್ ಎಂಬವರು ಲೇಸರ್ ಕಿರಣ, ತೆಳು ಕ್ವಾರ್ಟ್ಸ್ ಬಿಲ್ಲೆ ಮತ್ತು ಎರಡು ಪೋಲರೈಸರ್ ಇಟ್ಟುಕೊಂಡು ಮಾಡಿಯೇ ತೋರಿಸಿದರು. ಚುಕ್ಕೆ ಲೆಕ್ಕ ಹೇಳಿದಂತೆಯೇ ಸರಿದಿತ್ತು. ಆಮೇಲೆ ಇದು ಸುಳ್ಳು ಎನ್ನುವುದಕ್ಕೆ ಜಾಗ ಉಳಿಯಲಿಲ್ಲ. ಇದರ ಅರ್ಥವೇನು ಎಂಬ ಪ್ರಶ್ನೆ ಮಾತ್ರ ಉಳಿಯಿತು.

ನಮ್ಮ ಯಜಮಾನರು ಬ್ಯಾಂಕಿನವರು. ಅವರದು ಒಂದೇ ಪ್ರಶ್ನೆ: "ಇದರಿಂದ ಉಪಯೋಗ?" ಉಪಯೋಗವೂ ಆಗಿದೆ. 2008ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಹೋಸ್ಟನ್ ಮತ್ತು ಕ್ವಿಯಟ್, ಬೆಳಕು ಗಾಜಿನ ಮೇಲ್ಮೈ ದಾಟುವಾಗ ಅಕ್ಕಪಕ್ಕಕ್ಕೆ ಅತಿ ಸ್ವಲ್ಪ ಸರಿಯುವುದನ್ನು ಸುಮಾರು ಹತ್ತು ಸಾವಿರ ಪಟ್ಟು ಹಿಗ್ಗಿಸಿ ಅಳೆದರು. ಮರುವರ್ಷ ರಾಚೆಸ್ಟರ್ ವಿಶ್ವವಿದ್ಯಾಲಯದವರು ಕನ್ನಡಿಯೊಂದು ಎಷ್ಟು ವಾಲಿದೆ ಎಂದು ಇದೇ ಉಪಾಯದಿಂದ ನೋಡಿದರು. ಸಿಕ್ಕಿದ ಕೋನ ಸುಮಾರು 400 ಫೆಮ್ಟೊರೇಡಿಯನ್. ಪುಟ್ಟಿ ಅದನ್ನು ನನಗೆ ಬಿಡಿಸಿ ಹೇಳಿದಳು: ಇಲ್ಲಿಂದ ಚಂದ್ರನವರೆಗೆ ಒಂದು ಗೆರೆ ಎಳೆದು ಅಷ್ಟು ಕೋನ ತಿರುಗಿಸಿದರೆ ಚಂದ್ರನ ಹತ್ತಿರ ಅದು ಒಂದು ಹೊಲಿಗೆ ದಾರದ ದಪ್ಪದಷ್ಟು ಸರಿಯುತ್ತದೆ.

ಇಲ್ಲೂ ತಕರಾರಿದೆ. ಬಹುಪಾಲು ಬೆಳಕನ್ನು ಎಸೆಯುತ್ತೀರಿ; ಉಳಿದ ಫೋಟಾನು ನೂರು ಪಟ್ಟು ಹೇಳಿದರೂ ಹೇಳುವವರ ಸಂಖ್ಯೆ ಹತ್ತು ಸಾವಿರದಲ್ಲಿ ಒಂದಕ್ಕೆ ಇಳಿಯಿತು, ಲಾಭವೇನು ಎಂದು ಕೆಲವರು ಲೆಕ್ಕ ಹಾಕಿ ಕೇಳಿದರು. ಫೋಟಾನುಗಳ ಎಣಿಕೆಯಿಂದ ಮಾತ್ರ ಬರುವ ಏರುಪೇರಿಗೆ ಲಾಭವಿಲ್ಲ ಎಂಬುದು ನಿಜ. ಆದರೆ ಮೇಜು ನಡುಗುತ್ತದೆ, ಬೆಳಕು ಹೆಚ್ಚಾದರೆ ಡಿಟೆಕ್ಟರಿಗೆ ತಡೆಯುವ ಶಕ್ತಿ ಸಾಲುವುದಿಲ್ಲ. ಅಂಥ ತೊಂದರೆಗಳಲ್ಲಿ ಕೆಲವಕ್ಕೆ ಈ ಉಪಾಯ ಒಳ್ಳೆಯ ಮದ್ದು ಎಂದು ರಾಚೆಸ್ಟರಿನವರು 2014ರಲ್ಲಿ ಉತ್ತರ ಕೊಟ್ಟರು. ಪುಟ್ಟಿಯ ಮೇಜಿನ ಪಕ್ಕದಲ್ಲೇ ಲಿಫ್ಟ್ ಇದೆಯಂತೆ. ಮೇಜು ನಡುಗುವುದರ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

2011ರಲ್ಲಿ ಟೊರೊಂಟೊದಲ್ಲಿ ಏಫ್ರೈಮ್ ಸ್ಟೈನ್‌ಬರ್ಗ್ ಅವರ ತಂಡ ಮಾಡಿದ ಪ್ರಯೋಗ ನಿಮ್ಮಲ್ಲಿ ಹನ್ನೆರಡನೇ ತರಗತಿಯವರಿಗೂ ರುಚಿಸುತ್ತದೆ. ಎರಡು ಸೀಳಿನ ಪ್ರಯೋಗ ನಿಮ್ಮ ಪಠ್ಯದಲ್ಲೇ ಇದೆಯಲ್ಲ? ಫೋಟಾನು ಯಾವ ಸೀಳಿನಿಂದ ಹೋಯಿತು ಎಂದು ಇಣುಕಿದರೆ ಪಟ್ಟೆಗಳು ಅಳಿಸಿಹೋಗುತ್ತವೆ. ಇವರು ಇಣುಕಲಿಲ್ಲ, ತೆಳು ಕ್ಯಾಲ್ಸೈಟಿನಿಂದ ಪ್ರತಿ ಫೋಟಾನಿಗೂ ಅದರ ದಿಕ್ಕಿನ ಒಂದು ಸಣ್ಣ ಸುಳಿವನ್ನು ಹಚ್ಚಿ ಕಳಿಸಿದರು. ಬೇರೆ ಬೇರೆ ದೂರದಲ್ಲಿ ಸರಾಸರಿ ತೆಗೆದು ಗೆರೆಗಳನ್ನು ಸೇರಿಸಿದರು. ಪಟ್ಟೆಗಳು ಹಾಗೇ ಉಳಿದು, ದಾರಿಗಳ ಚಿತ್ರವೂ ಮೂಡಿತು. ಪುಟ್ಟಿಯ ಫೋನಿನಲ್ಲಿ ಆ ಚಿತ್ರ ನೋಡಿದೆ. ಬಾಚಿ ಬಿಟ್ಟ ಕೂದಲಿನ ಹಾಗಿದೆ. ಆದರೆ ಅದರಲ್ಲಿ ಒಂದು ಎಳೆಯನ್ನು ತೋರಿಸಿ 'ಇಗೋ, ಈ ಫೋಟಾನು ಈ ದಾರಿಯಲ್ಲಿ ಹೋಯಿತು' ಎನ್ನುವ ಹಾಗಿಲ್ಲ. ಅದು ಸಾವಿರಾರು ಫೋಟಾನುಗಳ ಸರಾಸರಿ ದಾರಿ. ಮುಂಬಯಿಯ ಮನೆಗಳ ಸರಾಸರಿ ಮಕ್ಕಳು ಒಂದೂವರೆ ಎಂದು ಲೆಕ್ಕ ಬಂದರೆ ಯಾರ ಮನೆಯಲ್ಲೂ ಅರ್ಧ ಮಗು ಇರುವುದಿಲ್ಲವಲ್ಲ.

ಹಾಗಾದರೆ ನೂರು ಎನ್ನುವುದು ಫೋಟಾನಿನ ಗುಣವೇ, ನಮ್ಮ ಲೆಕ್ಕದ ಗುಣವೇ? ನನ್ನ ತಲೆ ಕೊರೆದದ್ದು ಇದೇ. ಮೊದಲು ಹೇಗಿತ್ತು ಎಂಬುದೂ ಕೊನೆಗೆ ಹೇಗೆ ಸಿಕ್ಕಿತು ಎಂಬುದೂ ಗೊತ್ತಿದ್ದಾಗ, ನಡುವಿನ ಹೊತ್ತಿನಲ್ಲಿ ಅದರ ಬಗ್ಗೆ ಹೇಳಬಹುದಾದ ನಿಜವಾದ ಮಾತು ಈ ವೀಕ್ ವ್ಯಾಲ್ಯೂ ಎನ್ನುತ್ತಾರೆ ವೈಡ್‌ಮನ್ ಕಡೆಯವರು. ಇದಕ್ಕೆ ಎದುರಾಗಿ 2014ರಲ್ಲಿ ಫೆರಿ ಮತ್ತು ಕೋಂಬ್ಸ್ ಎಂಬಿಬ್ಬರು, ಹಳೆಯ ತಲೆಬರಹವನ್ನೇ ಅಣಕಿಸಿ, ಒಂದು ನಾಣ್ಯ ಚಿಮ್ಮಿದರೂ ನೂರು ಹೆಡ್ ಬರಿಸಬಹುದು ಎಂದು ತೋರಿಸಿದರು. ಮಬ್ಬುಗಣ್ಣಿನಿಂದ ನಾಣ್ಯ ನೋಡಿ ಬರೆದುಕೊಳ್ಳುವವನು ಆಗೊಮ್ಮೆ ಈಗೊಮ್ಮೆ ಅದನ್ನು ಮಗುಚಿಯೂ ಬಿಡುತ್ತಾನೆ. ಕೊನೆಗೆ ಟೇಲ್ ಬಿದ್ದವನ್ನು ಮಾತ್ರ ಆರಿಸಿದರೆ ಅವನ ಪುಸ್ತಕದ ಸರಾಸರಿ ಎಲ್ಲಿಗೋ ಹೋಗುತ್ತದೆ. ಕ್ವಾಂಟಂ ಏಕೆ ಬೇಕು ಎಂಬುದು ಅವರ ಪ್ರಶ್ನೆ. ವೈಡ್‌ಮನ್ ಮೊದಲಾದವರು ಒಪ್ಪಲಿಲ್ಲ. ನಾಣ್ಯವನ್ನು ಮಗುಚುವವನು ಅಳೆಯುವವನೇ, ನಮ್ಮ ಅಳತೆಯಲ್ಲಿ ಹಾಗೆ ಯಾರೂ ಮಗುಚುವುದಿಲ್ಲ ಎಂದರು. ಈ ಮಾತು ಇನ್ನೂ ಮುಗಿದಿಲ್ಲ. ಪುಟ್ಟಿ ಎರಡನೆಯ ಗುಂಪಿನ ಕಡೆ ವಾಲಿದ್ದಾಳೆ, ಅಂದರೆ ಇದು ಬರೀ ಸರಾಸರಿ ಎನ್ನುವವರ ಕಡೆ. ನನಗೆ ಆ -49.5 ತೂಕ ನೋಡಿದ ಮೇಲೆ ನಾಣ್ಯದ ವಾದ ಪೂರ್ತಿ ಒಪ್ಪಿಗೆಯಾಗಲಿಲ್ಲ. ಊಟದ ಹೊತ್ತಿನಲ್ಲಿ ಇದರ ಮೇಲೆ ನಮ್ಮಿಬ್ಬರಿಗೂ ಜೋರು ಮಾತಾಯಿತು. ಯಜಮಾನರು ಟಿ.ವಿ. ಸದ್ದು ಹೆಚ್ಚಿಸಿದರು.

ನನ್ನ ಬಿ.ಎ.ಯೂ ಕೊನೆಗೆ ಉಪಯೋಗಕ್ಕೆ ಬಂತು ನೋಡಿ. ಲೂಯಿಸ್ ಕ್ಯಾರಲ್ 1865ರಲ್ಲಿ ಬರೆದ ಆಲಿಸಳ ಕಥೆಯಲ್ಲಿ ಚೆಷೈರ್ ಬೆಕ್ಕು ಬಾಲದಿಂದ ಮಾಯವಾಗುತ್ತಾ ಬಂದು ಕೊನೆಗೆ ಬರೀ ನಗು ಉಳಿಯುತ್ತದೆ. 2013ರಲ್ಲಿ ಅಹರೋನೋವ್ ಮತ್ತು ಸಂಗಡಿಗರು ಆ ಹೆಸರನ್ನೇ ಎತ್ತಿಕೊಂಡು ಕ್ವಾಂಟಂ ಚೆಷೈರ್ ಬೆಕ್ಕು ಎಂಬುದನ್ನು ಮುಂದಿಟ್ಟರು. ಬೆಳಕಿಗೆ ಎರಡು ದಾರಿ ಇದ್ದಾಗ, ವೀಕ್ ವ್ಯಾಲ್ಯೂಗಳ ಪ್ರಕಾರ ಫೋಟಾನು ಒಂದು ದಾರಿಯಲ್ಲಿಯೂ ಅದರ ಕಂಪನದ ಗುಣ ಇನ್ನೊಂದು ದಾರಿಯಲ್ಲಿಯೂ ಇರಬಹುದು! ಮರುವರ್ಷ ವಿಯೆನ್ನಾದ ತಂಡವೊಂದು ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ನ್ಯೂಟ್ರಾನುಗಳಲ್ಲಿ ಇದನ್ನು ಮಾಡಿ ನೋಡಿತು. ಇದು ಅಲೆಗಳ ಆಟ ಅಷ್ಟೇ, ಬೆಕ್ಕೂ ಇಲ್ಲ ನಗುವೂ ಇಲ್ಲ ಎಂದವರೂ ಇದ್ದಾರೆ. ಆ ವಿಯೆನ್ನಾದವರ ಪ್ರಯೋಗದಲ್ಲಿ ಎರಡು ಅಳತೆಗಳನ್ನು ಬೇರೆ ಬೇರೆಯಾಗಿ ಮಾಡಿದ್ದರು. ಒಂದೇ ಫೋಟಾನಿನ ಮೇಲೆ ಎರಡನ್ನೂ ಒಟ್ಟಿಗೆ ನೋಡುವ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಅದನ್ನು ಮಾಡಿದ್ದು ಎಲ್ಲಿ ಗೊತ್ತೇ? ಬೆಂಗಳೂರಿನ ಸದಾಶಿವನಗರದಲ್ಲಿರುವ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಉರ್ಬಸಿ ಸಿನ್ಹಾ ಅವರ ಪ್ರಯೋಗಾಲಯದಲ್ಲಿ. ಸರ್ ಸಿ. ವಿ. ರಾಮನ್ 1948ರಲ್ಲಿ ಕಟ್ಟಿದ ಸಂಸ್ಥೆ ಅದು. ನನ್ನ ತಮ್ಮನ ಮನೆಗೆ ಹೋಗುವಾಗ ಮೇಖ್ರಿ ಸರ್ಕಲ್ಲಿನಲ್ಲಿ ಆಟೋ ನಿಂತು ಬೈದುಕೊಂಡಿದ್ದೇ ಬೈದುಕೊಂಡಿದ್ದು. ಅಲ್ಲೇ ಹತ್ತಿರದಲ್ಲಿ ಇಂಥದ್ದು ನಡೆಯುತ್ತಿದೆ ಎಂದು ಯಾರು ಕಂಡಿದ್ದರು?

ಪುಟ್ಟಿ ಡೆಕ್ಕನ್ ಕ್ವೀನ್ ಹಿಡಿದು ಪುಣೆಗೆ ಹೋದಳು, ಚಕ್ಕುಲಿ ಡಬ್ಬಿಯೊಂದಿಗೆ. ಅವಳ ಚುಕ್ಕೆ ಇನ್ನೂ ನೂರು ಪಟ್ಟು ಸರಿದಿಲ್ಲ, ಹನ್ನೊಂದಕ್ಕೆ ನಿಂತಿದೆ. ಲಿಫ್ಟ್ ನಿಂತ ಮೇಲೆ, ರಾತ್ರಿ ಹನ್ನೊಂದರ ನಂತರ ರೀಡಿಂಗ್ ತೆಗೆಯುತ್ತಾಳೆ. ಈ ಲೇಖನದ ಕರಡನ್ನು ಅವಳಿಗೆ ಫೋನಿನಲ್ಲಿ ಓದಿ ಹೇಳಿದೆ. ಎರಡು ತಪ್ಪು ಹಿಡಿದಳು, ತಿದ್ದಿದ್ದೇನೆ. ಮೂರನೆಯದು ನಿಮ್ಮ ಕಣ್ಣಿಗೆ ಬಿದ್ದರೆ ಸಂಪಾದಕರ ವಿಳಾಸಕ್ಕೆ ಒಂದು ಕಾಗದ ಹಾಕಿ. ಕನ್ನಡದಲ್ಲೇ ಬರೆಯಿರಿ, ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ.